ಹತ್ತು ದಿನದ ರಾಜಧಾನಿ

2022ರಲ್ಲಿ ಒಂದು ಫೋಟೋ ಬಹುಶಃ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬೇಕು. ಹಿಂದೆ ಬೆಳಗಾವಿಯ ಸುವರ್ಣ ವಿಧಾನಸೌಧ, ಮುಂದೆ ಬಿಸಿಲಿಗೆ ಹರವಿದ ಶ್ಯಾವಿಗೆ. ಅಲ್ಲಿ ಕೂಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬರು ಒಣಹಾಕಿದ್ದು. ಫೋಟೋ ವೈರಲ್ ಆಯ್ತು, ಆಕೆಯನ್ನು ಕೆಲಸದಿಂದ ತೆಗೆದರು, ಜನ ಸಿಟ್ಟಾದ ಮೇಲೆ ಮತ್ತೆ ಸೇರಿಸಿಕೊಂಡರು.

ನಕ್ಕವರು ನಕ್ಕರು, ಬೈದವರು ಬೈದರು. ಆದರೆ ನಿಜವಾದ ಪ್ರಶ್ನೆ ಆ ಹೆಣ್ಣುಮಗಳದ್ದಲ್ಲ. ರಾಜ್ಯದ ಎರಡನೇ ಶಕ್ತಿಕೇಂದ್ರ ಅಂತ ಕಟ್ಟಿದ ಜಾಗದಲ್ಲಿ, ಶ್ಯಾವಿಗೆ ಒಣಗುವಷ್ಟು ಹೊತ್ತು ಯಾರೂ ಓಡಾಡುವುದಿಲ್ಲ ಅಂದ್ರೆ ಏನರ್ಥ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ದಾರಿ ದೂರದ ಇನ್ನೊಂದು ಊರಿಗೆ ಹೋಗುತ್ತದೆ. ಅದು ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್. ಅಲ್ಲಿಯೂ ಊರಿಗೆ ಒಂದಕ್ಕಿಂತ ಹೆಚ್ಚು ಹೆಸರು, ಅಲ್ಲಿಯೂ ಎರಡು ಭಾಷೆಗಳ ಜಗಳ, ಅಲ್ಲಿಯೂ ಗಡಿಯ ಹಟ. ಆದರೂ ಇವತ್ತು ಯುರೋಪಿನ 27 ದೇಶಗಳ ಒಕ್ಕೂಟ ನಡೆಯುವುದು ಅಲ್ಲಿಂದಲೇ. ಅವರಿಗೆ ಹೇಗೆ ಸಾಧ್ಯವಾಯ್ತು? ನಮ್ಮಲ್ಲಿ ಎಲ್ಲಿ ತಡವಾಗ್ತಿದೆ?

ಬಿದಿರಿನ ಊರು, ಜೌಗಿನ ಊರು

ಮೊದಲು ಹೆಸರಿನ ವಿಚಾರ. ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ. ವೇಣು ಅಂದರೆ ಬಿದಿರು. ಸವದತ್ತಿಯಿಂದ ಆಳುತ್ತಿದ್ದ ರಟ್ಟರು 13ನೇ ಶತಮಾನದ ಆರಂಭದಲ್ಲಿ ಈ ಊರನ್ನೇ ತಮ್ಮ ರಾಜಧಾನಿ ಮಾಡಿಕೊಂಡರು. ಕೋಟೆಯೊಳಗಿನ ಕಮಲ ಬಸದಿ ಆ ಕಾಲದ್ದೇ. ರಟ್ಟ ಅರಸ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಅದನ್ನು 1204ರಲ್ಲಿ ಕಟ್ಟಿಸಿದ. ಅಂದರೆ ರಾಜಧಾನಿ ಅನ್ನೋ ಪದ ಬೆಳಗಾವಿಗೆ ಹೊಸದೇನಲ್ಲ, 800 ವರ್ಷ ಹಳೆಯ ನೆಂಟಸ್ತಿಕೆ.

ಮುಂದೆ ಬ್ರಿಟಿಷರ ಬಾಯಲ್ಲಿ ಅದು ಬೆಲ್ಗಾಂ ಆಯ್ತು, ಮರಾಠಿಗರ ಬಾಯಲ್ಲಿ ಬೆಳಗಾವ್. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಸೇರಿ 12 ಊರುಗಳ ಹೆಸರನ್ನು ಎಲ್ಲ ಭಾಷೆಯಲ್ಲೂ ಕನ್ನಡದ ಉಚ್ಚಾರದಂತೆಯೇ ಬರೆಯಬೇಕು ಅಂತ ಅಧಿಸೂಚನೆ ಬಂತು. ಆ ಪಟ್ಟಿಯಲ್ಲಿ ಅತಿ ಹೆಚ್ಚು ರಾಜಕೀಯ ಅರ್ಥ ಹೊತ್ತ ಹೆಸರು ಬೆಳಗಾವಿಯದ್ದೇ. ಉಳಿದ ಊರುಗಳಲ್ಲಿ ಅದು ಕಾಗುಣಿತದ ತಿದ್ದುಪಡಿ. ಇಲ್ಲಿ ಮಾತ್ರ 'ಈ ಊರು ಯಾರದು' ಅನ್ನುವ ವಾದಕ್ಕೆ ಕೊಟ್ಟ ಉತ್ತರ.

ಬ್ರಸೆಲ್ಸ್ ಹೆಸರಿಗೂ ಮೂಲ ಮಣ್ಣಿನದ್ದೇ. ಹಳೆಯ ಡಚ್ಚಿನಲ್ಲಿ ಅದರ ಅರ್ಥ ಹೆಚ್ಚುಕಡಿಮೆ 'ಜೌಗು ನೆಲದ ಮನೆ'. ಡಚ್ ಮಾತಾಡುವವರು ಬ್ರುಸ್ಸೆಲ್ ಅಂತಾರೆ, ಫ್ರೆಂಚರು ಬ್ರುಕ್ಸೆಲ್ ಅಂತ ಬರೆದು ಬ್ರುಸೆಲ್ ಅಂತ ಓದ್ತಾರೆ. ಅಲ್ಲಿ ರಸ್ತೆ ಫಲಕಗಳೆಲ್ಲ ಎರಡೂ ಭಾಷೆಯಲ್ಲಿ. ಮುಖ್ಯ ರೈಲು ನಿಲ್ದಾಣದ ಹೆಸರು ಒಂದರಲ್ಲಿ ಝೌಡ್, ಇನ್ನೊಂದರಲ್ಲಿ ಮಿದಿ. ಎರಡಕ್ಕೂ ಅರ್ಥ 'ದಕ್ಷಿಣ'. ಹೊಸ ಪ್ರವಾಸಿಗರು ಎರಡು ಬೇರೆ ನಿಲ್ದಾಣ ಅಂದ್ಕೊಂಡು ಗಾಬರಿಯಾಗೋದು ಉಂಟು. ಊರಿನವರಿಗೆ ಅದು ದಿನದ ಬದುಕು.

ಅಲ್ಲಿ ಯಾವ ಹೆಸರು ಸರಿ ಅನ್ನುವ ಜಗಳವನ್ನು ಮುಗಿಸಿದ್ದು ಎರಡನ್ನೂ ಕಾನೂನಿನಲ್ಲಿ ಬರೆದು. ಅದು ನಮಗೆ ಹೊಂದಬೇಕಂತಿಲ್ಲ. ಕನ್ನಡದ ನೆಲದಲ್ಲಿ ಕನ್ನಡದ ಹೆಸರೇ ಇರಲಿ ಅನ್ನುವುದರಲ್ಲಿ ತಪ್ಪೇನಿಲ್ಲ. ನೋಡಬೇಕಾದ್ದು ಹೆಸರಿನ ಹಲಗೆ ಹಾಕಿದ ಮೇಲೆ ಆ ಊರಲ್ಲಿ ಏನು ನಡೆಯುತ್ತದೆ ಅನ್ನೋದನ್ನು.

ನಮ್ಮ ಕಡೆಯೂ ಇತ್ತು ಆ ಎರಡು ನುಡಿ

ಗದಗ, ಮಲ್ಲಸಮುದ್ರ, ಮುಂಡರಗಿ ಕಡೆಯವರಿಗೆ ಬೆಳಗಾವಿ ಜಗಳ ದೂರದ್ದು ಅನ್ನಿಸಬಹುದು. ಸ್ವಲ್ಪ ಹಿಂದಕ್ಕೆ ಹೋಗಿ ನೋಡ್ರಿ. 1956ರ ಮೊದಲು ಗದಗ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಸ್ವಾತಂತ್ರ್ಯ ಬರೋವರೆಗೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಶಿರಹಟ್ಟಿ ಸಾಂಗ್ಲಿ ಪಟವರ್ಧನರದ್ದು. ಅದೇ ಸಾಂಗ್ಲಿ ಸಂಸ್ಥಾನದ ಇನ್ನೊಂದು ತುಂಡು ಯಾವುದು ಗೊತ್ತಾ? ಇವತ್ತು ಬೆಳಗಾವಿ ನಗರದೊಳಗೇ ಇರುವ ಶಹಾಪುರ. ಅಂದರೆ ಶಿರಹಟ್ಟಿಯ ರೈತನಿಗೂ ಶಹಾಪುರದ ನೇಕಾರನಿಗೂ ಒಬ್ಬನೇ ದೊರೆ.

ಇನ್ನೂ ಹಿಂದಕ್ಕೆ ಹೋದರೆ ಕವಿರಾಜಮಾರ್ಗ. 9ನೇ ಶತಮಾನದ ಆ ಗ್ರಂಥ ಕನ್ನಡದ ತಿರುಳು ಇರುವ ನಾಡನ್ನು ನಾಲ್ಕು ಊರುಗಳ ನಡುವೆ ಗುರುತಿಸುತ್ತದೆ. ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ನಮ್ಮ ಲಕ್ಷ್ಮೇಶ್ವರ. ನಾಲ್ಕನೆಯದು ಒಂಕುಂದ, ಅದಿರುವುದು ಇಂದಿನ ಬೆಳಗಾವಿ ಜಿಲ್ಲೆಯಲ್ಲಿ. ಕನ್ನಡದ ಅಂಗಳಕ್ಕೆ ಒಂದು ಮೂಲೆ ನಮ್ಮದು, ಇನ್ನೊಂದು ಮೂಲೆ ಅವರದು.

ಈ ಪ್ರದೇಶದಲ್ಲಿ ಭಾಷೆಗಳು ಗೋಡೆ ಹಾಕಿಕೊಂಡು ಬದುಕಿದ್ದಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮನೆತನದ ಮೂಲ ಶಿರಹಟ್ಟಿ. 'ಕರ್ನಾಟಕ ಸಿಂಹ' ಅಂತ ಕರೆಸಿಕೊಂಡ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ತಮ್ಮ ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ಅವರಿಬ್ಬರ ಕನ್ನಡತನವನ್ನು ಯಾರೂ ಅಳತೆಪಟ್ಟಿ ಹಿಡಿದು ನೋಡಲಿಲ್ಲ.

1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಹೆಗಲು ಕೊಟ್ಟು ನಿಂತವರು ದೇಶಪಾಂಡೆಯವರೇ. ನೀರಿಗಾಗಿ ತೋಡಿದ ಬಾವಿ ಇವತ್ತಿಗೂ ಕಾಂಗ್ರೆಸ್ ಬಾವಿ ಅಂತಲೇ ಊರಲ್ಲಿದೆ. ಕರ್ನಾಟಕ ಏಕೀಕರಣದ ಸಭೆಯೂ ಅದೇ ಹೊತ್ತಿಗೆ ಅಲ್ಲೇ ಸೇರಿತು. ಅಧಿವೇಶನದಲ್ಲಿ ಹಾಡಿದ, ಮುಂದೆ ಏಕೀಕರಣದ ಗೀತೆಯೇ ಆದ 'ಉದಯವಾಗಲಿ' ಹಾಡನ್ನು ಬರೆದವರು ಗದಗಿನ ಹುಯಿಲಗೋಳ ನಾರಾಯಣರಾಯರು. ಹಾಡು ಗದಗಿನದ್ದು, ವೇದಿಕೆ ಬೆಳಗಾವಿಯದ್ದು. ಹಾಗಾಗಿ ಆ ಊರಿನ ಭವಿಷ್ಯದ ಬಗ್ಗೆ ಮಾತಾಡೋ ಹಕ್ಕು ನಮಗೂ ಇದೆ.

ಗೆರೆ ಎಳೆದ ಮೇಲೆ

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಮುಂಬೈ ರಾಜ್ಯಕ್ಕೆ ಹೋಯ್ತು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಮಹಾರಾಷ್ಟ್ರ ಒಪ್ಪಲಿಲ್ಲ. 1966ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ಇಲ್ಲೇ ಇರಲಿ, ನಿಪ್ಪಾಣಿ ಮತ್ತು ಖಾನಾಪುರದ ಕೆಲ ಭಾಗ ಅತ್ತ ಹೋಗಲಿ, ಜತ್, ಅಕ್ಕಲಕೋಟೆಯ ಕನ್ನಡ ಹಳ್ಳಿಗಳು ಇತ್ತ ಬರಲಿ, ಕೇರಳದಿಂದ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಅಂತ. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಕೊನೆಗೆ ಒಂದು ಹಳ್ಳಿಯೂ ಅತ್ತಿತ್ತ ಆಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿಂದ ಇತ್ತ 'ಗಡಿ ವಿವಾದ' ಅನ್ನುವ ಪದ ಪ್ರತಿ ಚಳಿಗಾಲ ಸುದ್ದಿಯಾಗುತ್ತದೆ.

ಬೆಲ್ಜಿಯಂನವರು ಗೆರೆ ಎಳೆದರು. 1962–63ರಲ್ಲಿ ಕಾನೂನು ಮಾಡಿ ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್, ಪೂರ್ವದ ಅಂಚಿನ ಪುಟ್ಟ ಭಾಗಕ್ಕೆ ಜರ್ಮನ್ ಅಂತ ಖಾಯಂ ಮಾಡಿದರು. ಬ್ರಸೆಲ್ಸಿನ 19 ಪುರಸಭೆಗಳು ಮಾತ್ರ ದ್ವಿಭಾಷೆ. ಹಾಗಂತ ಜಗಳ ಮುಗಿಯಿತಾ? ಇಲ್ಲ. 1968ರಲ್ಲಿ ಲೂವೆನ್‌ನ ಪ್ರಾಚೀನ ವಿಶ್ವವಿದ್ಯಾಲಯವೇ ಭಾಷೆಯ ಮೇಲೆ ಒಡೆಯಿತು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆ ಒಬ್ಬರಿಗೆ, ಬೆಸಸಂಖ್ಯೆ ಇನ್ನೊಬ್ಬರಿಗೆ ಅಂತ ಹಂಚಿಕೊಂಡರು! 2010–11ರಲ್ಲಿ ದೇಶದ ಎರಡು ಭಾಷಿಕರ ಪಕ್ಷಗಳು ಒಮ್ಮತಕ್ಕೆ ಬರದೆ 541 ದಿನ ಪೂರ್ಣ ಪ್ರಮಾಣದ ಸರ್ಕಾರವೇ ಇರಲಿಲ್ಲ.

ಇದನ್ನು ಹೇಳೋದು ಯಾಕಂದ್ರೆ, ಬ್ರಸೆಲ್ಸ್ ಏನೋ ಸ್ವರ್ಗ, ನಾವು ಮಾತ್ರ ಜಗಳಗಂಟರು ಅನ್ನುವ ಭ್ರಮೆ ಬೇಡ. 2024ರಲ್ಲಿ ಬ್ರಸೆಲ್ಸಿನ ಹತ್ತಿರದ ಡಚ್ ಭಾಗದಲ್ಲಿ ರೈಲಿನ ಕಂಡಕ್ಟರ್ ಒಬ್ಬ ಡಚ್ಚಿನ ಜೊತೆಗೆ 'ಬೋಂಜೂರ್' ಅಂತ ಫ್ರೆಂಚಿನಲ್ಲೂ ನಮಸ್ಕಾರ ಹೇಳಿದ್ದಕ್ಕೆ ಪ್ರಯಾಣಿಕರೊಬ್ಬರು ದೂರು ಕೊಟ್ಟರು. ನಾಲ್ಕೈದು ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಬೆಳಗಾವಿ ಹತ್ತಿರ ನಮ್ಮ ಬಸ್ಸಿನ ಕಂಡಕ್ಟರ್ ಮೇಲೆ ಭಾಷೆಯ ಕಾರಣಕ್ಕೇ ಹಲ್ಲೆಯಾಯ್ತು. ಎರಡೂ ರಾಜ್ಯಗಳ ನಡುವೆ ಬಸ್ ನಿಂತವು. ಅಲ್ಲಿ ದೂರು ಕಾಗದದ ಮೇಲೆ ಹೋಯ್ತು, ಇಲ್ಲಿ ಮೈಮೇಲೆ ಬಂತು. ಜಗಳ ಎರಡೂ ಕಡೆ ಇದೆ. ಜಗಳವನ್ನು ನಿಭಾಯಿಸುವ ಕಚೇರಿ ಹತ್ತಿರ ಇದ್ದದ್ದು ಒಂದೇ ಕಡೆ.

ಯಾರೂ ಘೋಷಿಸದ ರಾಜಧಾನಿ

ಈಗ ಮುಖ್ಯ ವಿಷಯ. ಬ್ರಸೆಲ್ಸ್ ಯುರೋಪಿನ ರಾಜಧಾನಿ ಆದದ್ದು ಹೇಗೆ?

1958ರಲ್ಲಿ ಆರು ದೇಶಗಳು ಸೇರಿ ಆರ್ಥಿಕ ಸಮುದಾಯ ಶುರು ಮಾಡಿದಾಗ ಕಚೇರಿ ಎಲ್ಲಿರಬೇಕು ಅಂತ ಒಮ್ಮತವೇ ಆಗಲಿಲ್ಲ. ಅಧ್ಯಕ್ಷತೆ ಅಕ್ಷರಮಾಲೆಯ ಪ್ರಕಾರ ಸರದಿಯಲ್ಲಿ ಬರುತ್ತಿತ್ತು, ಮೊದಲ ಸರದಿ ಬೆಲ್ಜಿಯಂನದ್ದು. ಸರಿ, ಸದ್ಯಕ್ಕೆ ಬ್ರಸೆಲ್ಸಿನಲ್ಲಿ ಕೂರೋಣ ಅಂದರು. ಆ 'ಸದ್ಯಕ್ಕೆ' ಮೂರು ದಶಕ ದಾಟಿತು. ಸಂಸ್ಥೆಗಳ ನೆಲೆ ಯಾವುದು ಅನ್ನುವ ಔಪಚಾರಿಕ ತೀರ್ಮಾನ ಆದದ್ದು 1992ರಲ್ಲಿ, ಎಡಿನ್‌ಬರೋ ಸಭೆಯಲ್ಲಿ. ಅಷ್ಟರಲ್ಲಿ ಅಧಿಕಾರಿಗಳು, ಅನುವಾದಕರು, ವಕೀಲರು, ಪತ್ರಕರ್ತರು ಎಲ್ಲ ಅಲ್ಲೇ ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿ ಆಗಿತ್ತು. ಫ್ರಾನ್ಸ್ ಜೊತೆಗಿನ ಬಿರುಕಿನ ನಂತರ 1967ರಲ್ಲಿ ನೇಟೊ ಪ್ರಧಾನ ಕಚೇರಿಯೂ ಪ್ಯಾರಿಸ್ ಬಿಟ್ಟು ಇಲ್ಲಿಗೇ ಬಂತು.

ಇನ್ನೊಂದು ಸಂಗತಿ. ಆ ಸಮುದಾಯ 1958ರಲ್ಲಿ ಮಾಡಿದ ಒಂದನೇ ಸಂಖ್ಯೆಯ ನಿಯಮ ಯಾವುದರ ಬಗ್ಗೆ ಅಂದ್ಕೊಂಡ್ರಿ? ಕಲ್ಲಿದ್ದಲು, ತೆರಿಗೆ, ಸುಂಕ? ಅಲ್ಲ, ಭಾಷೆಯ ಬಗ್ಗೆ. ಆಗ ನಾಲ್ಕು ಭಾಷೆ, ಈಗ 24. ಒಕ್ಕೂಟದ ಪ್ರಜೆ ಆ 24ರಲ್ಲಿ ಯಾವುದರಲ್ಲಿ ಪತ್ರ ಬರೆದರೂ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕಿದೆ. ಮಾಲ್ಟಾದಂಥ ಪುಟ್ಟ ದ್ವೀಪದ ಭಾಷೆಗೂ ಅದೇ ಮರ್ಯಾದೆ.

ಹಾಗೆಂದು ಅಲ್ಲಿಯೂ ತಮಾಷೆ ಇಲ್ಲದಿಲ್ಲ. ಯುರೋಪಿಯನ್ ಪಾರ್ಲಿಮೆಂಟ್ ವರ್ಷಕ್ಕೆ 12 ಬಾರಿ ಬ್ರಸೆಲ್ಸ್ ಬಿಟ್ಟು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಅಧಿವೇಶನ ಮಾಡಲೇಬೇಕು. ಒಪ್ಪಂದದಲ್ಲೇ ಹಾಗಿದೆ. ಫೈಲು, ಪೆಟ್ಟಿಗೆ, ಸಿಬ್ಬಂದಿ ಎಲ್ಲ ಮೆರವಣಿಗೆ. ಈ ಓಡಾಟ ನಿಲ್ಲಿಸಿದರೆ ವರ್ಷಕ್ಕೆ ಸುಮಾರು 11.4 ಕೋಟಿ ಯೂರೋ ಉಳಿಯುತ್ತದೆ ಅಂತ ಒಕ್ಕೂಟದ ಲೆಕ್ಕಪರಿಶೋಧಕರೇ 2014ರಲ್ಲಿ ಹೇಳಿದರು. ಸ್ಟ್ರಾಸ್‌ಬರ್ಗಿಗೆ ಅಧಿವೇಶನದ ಗೌರವ ಉಳಿದಿದೆ, ಆದರೆ ದಿನನಿತ್ಯದ ಕೆಲಸ ನಡೆಯುವುದು ಬ್ರಸೆಲ್ಸಿನಲ್ಲಿ. ಹಾಗಾಗಿ ಜಗತ್ತು 'ಯುರೋಪ್ ಹೀಗೆ ಹೇಳಿತು' ಅನ್ನುವ ಬದಲು 'ಬ್ರಸೆಲ್ಸ್ ಹೀಗೆ ಹೇಳಿತು' ಅನ್ನುತ್ತದೆ. ಸ್ಟ್ರಾಸ್‌ಬರ್ಗ್ ಹೇಳಿತು ಅನ್ನುವುದು ಅಪರೂಪ.

ಓದುತ್ತಿದ್ದ ಹಾಗೆ ನಿಮಗೆ ಹೊಳೆದಿರಬೇಕು. ಬೆಳಗಾವಿಯನ್ನು ನಾವು ಕಟ್ಟಿದ್ದು ಬ್ರಸೆಲ್ಸಿನ ಹಾಗಲ್ಲ, ಸ್ಟ್ರಾಸ್‌ಬರ್ಗಿನ ಹಾಗೆ.

ಕಟ್ಟಡ ಬಂತು, ಕುರ್ಚಿ ಬರಲಿಲ್ಲ

ಬೆಳಗಾವಿಯಲ್ಲಿ ಮೊದಲ ವಿಧಾನಮಂಡಲ ಅಧಿವೇಶನ ನಡೆದದ್ದು 2006ರ ಸೆಪ್ಟೆಂಬರಿನಲ್ಲಿ, ಕೆಎಲ್ಇ ಸಂಸ್ಥೆಯ ಆವರಣದಲ್ಲಿ. ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದರು. ಅಲ್ಲಿಂದ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಹತ್ತು ದಿನದ ಆಸುಪಾಸು ಅಧಿವೇಶನ. ಹೋಟೆಲ್ ಎಲ್ಲ ಭರ್ತಿ. ಸೌಧದ ಸುತ್ತ ಪ್ರತಿಭಟನೆಯ ಟೆಂಟು. ಕಬ್ಬಿನ ಬೆಲೆಗೆ ರೈತರು, ಸೇವೆ ಖಾಯಂಗೆ ಅತಿಥಿ ಉಪನ್ಯಾಸಕರು, ಗೌರವಧನಕ್ಕೆ ಅಂಗನವಾಡಿ ಕಾರ್ಯಕರ್ತೆಯರು. 2013ರ ಅಧಿವೇಶನದ ಹೊತ್ತಿನ ಕಬ್ಬಿನ ಹೋರಾಟದಲ್ಲಿ ರೈತರೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ವರ್ಷವಿಡೀ ಕೇಳಬೇಕಾದ ಅಹವಾಲನ್ನು ಹತ್ತು ದಿನದಲ್ಲಿ ತುರುಕಿದರೆ ಟೆಂಟು ತುಂಬುತ್ತವೆ, ಫೈಲು ಮುಗಿಯುವುದಿಲ್ಲ.

ಅಧಿವೇಶನ ಬೇಡವೇ ಬೇಡ, ದುಂದುವೆಚ್ಚ ಅನ್ನುವವರೂ ಇದ್ದಾರೆ. ಅದೂ ಪೂರ್ತಿ ಸರಿಯಲ್ಲ. ಆ ಹತ್ತು ದಿನ ಉತ್ತರ ಕರ್ನಾಟಕದ ಸಮಸ್ಯೆ ರಾಜ್ಯದ ಮೊದಲ ಪುಟದ ಸುದ್ದಿಯಾಗುತ್ತದೆ. ಗಡಿಯ ವಾದಕ್ಕೆ 'ಈ ನೆಲ ನಮ್ಮ ಆಡಳಿತದ ಭಾಗ' ಅನ್ನುವ ಗಟ್ಟಿ ಉತ್ತರವೂ ಅದು. ಕೊರತೆ ಇರುವುದು ಹನ್ನೊಂದನೇ ದಿನದಲ್ಲಿ. ಅವತ್ತು ಮಂತ್ರಿಗಳ ಕಾರು ಬೆಂಗಳೂರಿನ ಹೆದ್ದಾರಿ ಹಿಡಿಯುತ್ತದೆ, ಕಾರ್ಯದರ್ಶಿಗಳ ಫೈಲೂ ಹಿಂದೆಯೇ ಹೋಗುತ್ತದೆ.

ಮಲ್ಲಸಮುದ್ರದವರಿಗೆ ಬೆಳಗಾವಿ ನೂರೈವತ್ತು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ಹೊರಟು ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು. ಒಂದು ಸಹಿಗೆ ಎರಡು ರಾತ್ರಿ ಬಸ್ಸು, ಒಂದು ದಿನದ ಲಾಡ್ಜು, ಎರಡು ದಿನದ ಕೂಲಿ ನಷ್ಟ. 'ಸಾಹೇಬ್ರು ಮೀಟಿಂಗ್‌ನಾಗ ಅದಾರ, ನಾಳೆ ಬರ್ರಿ' ಅಂದರೆ ಇನ್ನೊಂದು ರಾತ್ರಿ.

ಈಗೆಲ್ಲ ಆನ್‌ಲೈನ್ ಅಲ್ವಾ ಅಂತ ನೀವು ಕೇಳಬಹುದು. ಜಾತಿ ಪ್ರಮಾಣಪತ್ರ, ಪಹಣಿ ಮೊಬೈಲಿನಲ್ಲೇ ಸಿಗುತ್ತೆ ನಿಜ. ಆದರೆ ಮೇಲ್ಮನವಿ, ವಿಚಾರಣೆ, ತಡೆಹಿಡಿದ ಪಿಂಚಣಿ, ಮುಳುಗಡೆ ಪರಿಹಾರ ಇಂಥವಕ್ಕೆ ಇವತ್ತಿಗೂ ಎದುರಿಗೆ ಒಬ್ಬ ಅಧಿಕಾರಿ ಬೇಕು, 'ಆಗುತ್ತೆ' ಅಥವಾ 'ಆಗಲ್ಲ' ಅನ್ನುವ ಅಧಿಕಾರ ಇರುವವರು.

ಉಳಿದುಕೊಂಡವು ಗೆದ್ದವು

ಸಾಧ್ಯವೇ ಇಲ್ಲ ಅನ್ನಬೇಡಿ. ನಮ್ಮ ಮುಂದೆಯೇ ಉದಾಹರಣೆ ಇದೆ. ಹೈಕೋರ್ಟಿಗಾಗಿ ನಮ್ಮ ಕಡೆಯವರು ಬೆಂಗಳೂರಿಗೆ ಓಡಾಡುತ್ತಿದ್ದ ಕಾಲವೊಂದಿತ್ತು. ವಕೀಲರ, ಜನರ ದೀರ್ಘ ಹೋರಾಟದ ನಂತರ 2008ರ ಜುಲೈನಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಖಾಯಂ ಆಯ್ತು. ಇವತ್ತು ಗದಗಿನ ಕಕ್ಷಿದಾರ ಬೆಳಗ್ಗೆ ಹೊರಟು ವಿಚಾರಣೆ ಮುಗಿಸಿ ಸಂಜೆಗೆ ಮನೆ ಸೇರುತ್ತಾನೆ. ಯಾರೂ ಧಾರವಾಡವನ್ನು 'ಎರಡನೇ ನ್ಯಾಯ ರಾಜಧಾನಿ' ಅಂತ ಘೋಷಿಸಲಿಲ್ಲ. ನ್ಯಾಯಮೂರ್ತಿಗಳು ಅಲ್ಲಿ ಕೂತರು, ಅಷ್ಟೇ.

ಬೆಳಗಾವಿಯಲ್ಲೇ ಇನ್ನೊಂದಿದೆ. ನೀವು ಎಂಜಿನಿಯರಿಂಗ್ ಓದಿದ್ದರೆ ನಿಮ್ಮ ಡಿಗ್ರಿ ಸರ್ಟಿಫಿಕೇಟ್ ತೆಗೆದು ನೋಡಿ. ಓದಿದ್ದು ಗದಗಿನಲ್ಲಿರಲಿ, ಮಂಗಳೂರಿನಲ್ಲಿರಲಿ, ಬೆಂಗಳೂರಿನಲ್ಲೇ ಇರಲಿ, 1998ರಲ್ಲಿ ಶುರುವಾದ ವಿಟಿಯುವಿನ ವಿಳಾಸ ಬೆಳಗಾವಿ. ಸುವರ್ಣ ಸೌಧಕ್ಕಿಂತ 14 ವರ್ಷ ಮೊದಲೇ ರಾಜ್ಯದ ತಾಂತ್ರಿಕ ಶಿಕ್ಷಣದ ರಾಜಧಾನಿ ಅದು ಆಗಿಬಿಟ್ಟಿತ್ತು.

ಹಾಗಾದರೆ ಕಬ್ಬು ಮತ್ತು ಸಕ್ಕರೆ, ನೀರಾವರಿ, ಗಡಿ ಅಭಿವೃದ್ಧಿ, ಇಂಥ ಈ ಭಾಗದ ವಿಷಯ ನೋಡುವ ಕಾರ್ಯದರ್ಶಿ ಮಟ್ಟದ ಅಧಿಕಾರಿಗಳು ವರ್ಷವಿಡೀ ಸೌಧದಲ್ಲಿ ಕೂತರೆ ಏನಾಗುತ್ತದೆ? ಎಲ್ಲ ಇಲಾಖೆ ಬೇಡ. ನಾಲ್ಕೇ ಇಲಾಖೆ, ಆದರೆ ಸಹಿ ಹಾಕುವ ಅಧಿಕಾರದ ಸಮೇತ. ನಾಮಫಲಕ ಇಲ್ಲಿ, ಅಧಿಕಾರ ಅಲ್ಲಿ ಅನ್ನುವ ಹಾಗಿದ್ದರೆ ಉಪಯೋಗವಿಲ್ಲ.

ಕೌಂಟರಿನಲ್ಲಿ ಗೆಲ್ಲುವ ಭಾಷೆ

ಕೊನೆಗೆ ಭಾಷೆಯ ಮಾತಿಗೆ ಮತ್ತೆ ಬರೋಣ. 2022ರ ಕೊನೆಯಲ್ಲಿ ಮಹಾರಾಷ್ಟ್ರದ ಜತ್ ತಾಲ್ಲೂಕಿನ ಕೆಲ ಹಳ್ಳಿಯವರು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಅಂದರು. ಅವರಲ್ಲಿ ಬಹಳ ಜನ ಕನ್ನಡಿಗರೇ. ಆದರೂ ಅವರು ಮುಂದಿಟ್ಟದ್ದು ನೀರನ್ನು. ಇತ್ತ ಬೆಳಗಾವಿಯಲ್ಲಿ, ಒಂದು ಕಾಲಕ್ಕೆ ಗಡಿ ಹೋರಾಟದ ಮೇಲೆಯೇ ಶಾಸಕರನ್ನು ಗೆಲ್ಲಿಸುತ್ತಿದ್ದ ಮಹಾರಾಷ್ಟ್ರ ಏಕೀಕರಣ ಸಮಿತಿಗೆ 2018ರಲ್ಲೂ 2023ರಲ್ಲೂ ವಿಧಾನಸಭೆಯ ಒಂದು ಸ್ಥಾನವೂ ಸಿಗಲಿಲ್ಲ. ಮತದಾರರು ಮರಾಠಿ ಬಿಟ್ಟರು ಅಂತಲ್ಲ. ರಸ್ತೆ, ನೀರು, ಕೆಲಸ ಕೇಳತೊಡಗಿದರು.

ಭಾಷಾ ಅಲ್ಪಸಂಖ್ಯಾತರು ಶೇ 15ಕ್ಕಿಂತ ಹೆಚ್ಚಿರುವ ತಾಲ್ಲೂಕು, ಪಟ್ಟಣಗಳಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡಬೇಕು ಅನ್ನುವ ಒಪ್ಪಿದ ಸೂತ್ರ ದೇಶದಲ್ಲಿ ದಶಕಗಳಿಂದ ಇದೆ. ಬೆಳಗಾವಿಯಲ್ಲಿ ಇದನ್ನು ಸೋಲು ಅಂತ ನೋಡುವವರಿದ್ದಾರೆ. ಹಾಗೆ ನೋಡುವ ಮೊದಲು ಒಮ್ಮೆ ಅಕ್ಕಲಕೋಟೆ, ಸೊಲ್ಲಾಪುರ, ಕಾಸರಗೋಡಿನ ಕನ್ನಡ ಶಾಲೆಗಳನ್ನು ನೆನೆಯಿರಿ. ಅಲ್ಲಿ ಕನ್ನಡದ ಮಗುವಿಗೆ ಕನ್ನಡದ ಮೇಷ್ಟ್ರು ಬೇಕು ಅಂತ ನಾವು ಕೇಳುವುದು ಇದೇ ಸೂತ್ರದ ಬಲದ ಮೇಲೆ. ಒಂದು ಕಡೆ ಕೇಳಿದ್ದನ್ನು ಇನ್ನೊಂದು ಕಡೆ ಕೊಡಬೇಕಾಗುತ್ತದೆ. ಆಡಳಿತ ಕನ್ನಡದಲ್ಲಿ ಗಟ್ಟಿಯಾಗಿ ನಡೆಯಲಿ. ಖಾನಾಪುರದ ಅಜ್ಜಿಗೆ ಪಿಂಚಣಿ ಅರ್ಜಿ ಅರ್ಥವಾಗುವ ಮಾತಿನಲ್ಲಿ ಯಾರಾದರೂ ಓದಿ ಹೇಳಲಿ. ಈ ಎರಡರ ನಡುವೆ ಜಗಳ ಇಲ್ಲ.

ಮುಂದಿನ ಡಿಸೆಂಬರಿನಲ್ಲಿ ಅಧಿವೇಶನದ ರೀಲ್ಸ್ ನಿಮ್ಮ ಫೋನಿಗೆ ಬಂದೇ ಬರುತ್ತವೆ. ಗದ್ದಲ, ಧರಣಿ, ಊಟದ ಮೆನು ಎಲ್ಲ ಇರುತ್ತದೆ. ಆಗ ನಿಮ್ಮ ಶಾಸಕರ ಪೇಜಿಗೆ ಹೋಗಿ ಒಂದೇ ಕಾಮೆಂಟ್ ಹಾಕಿ: 'ಸಾಹೇಬ್ರ, ಅಧಿವೇಶನ ಮುಗಿದ ಮ್ಯಾಲ ಯಾವ ಆಫೀಸು ಬೆಳಗಾವ್ಯಾಗ ಉಳೀತೈತಿ?' ಉತ್ತರ ಬರೋವರೆಗೂ ಪ್ರತಿ ವರ್ಷ ಕೇಳ್ತಾ ಇರಿ.